ಬಿಟ್ಟಿ ವಿಮಾನದ ಟಿಕೆಟ್ಟಿಗೆ ದುಡ್ಡು ಕೊಡುವವರು ನಾವೇ

ಇಷ್ಟು ದಿನ ಇಂಗ್ಲಿಷು, ಹಿಂದಿಯಲ್ಲಿತ್ತು. ಈಗ ಕನ್ನಡದಲ್ಲೂ ಶುರುವಾಗಿದೆ. ರೀಲ್ಸ್ ತೆರೆದರೆ ಸಾಕು, ವಿಮಾನದ ಕಿಟಕಿ ಪಕ್ಕ ಕೂತ ಒಬ್ಬ ಹುಡುಗ ಬರುತ್ತಾನೆ. ಈ ಟಿಕೆಟ್ಟಿಗೆ ತಾನು ಒಂದು ರೂಪಾಯಿಯೂ ಕೊಟ್ಟಿಲ್ಲ ಅಂತಾನೆ. ದಿನಾ ಮಾಡೋ ಖರ್ಚನ್ನೇ ಕಾರ್ಡಿನಲ್ಲಿ ಮಾಡಿ, ಪಾಯಿಂಟ್ ತಾನಾಗೇ ಬೀಳುತ್ತೆ, ವರ್ಷಕ್ಕೊಂದು ಗೋವಾ ಟ್ರಿಪ್ ಫ್ರೀ, ಶ್ರಮ ಏನೂ ಇಲ್ಲ ಅಂತಾನೆ. ಕೊನೆಗೆ ಕೆಳಗಿರೋ ಲಿಂಕ್ ಒತ್ತಿ ಕಾರ್ಡ್ ತಗೊಳ್ಳಿ ಅಂತಾನೆ.

ನಾನು ಹೇಳೋದು ಇಷ್ಟೇ. ಆ ಟಿಕೆಟ್ ಫ್ರೀ ಅಲ್ಲ. ಅದಕ್ಕೆ ದುಡ್ಡು ಯಾರೋ ಕೊಟ್ಟಿದ್ದಾರೆ. ಆ ಯಾರೋ ಅನ್ನೋರಲ್ಲಿ ರೀಲ್ ನೋಡುತ್ತಿರೋ ನೀವೂ ಇದ್ದೀರಿ, ಬರೆಯುತ್ತಿರೋ ನಾನೂ ಇದ್ದೀನಿ.

ಇದು ಗೊತ್ತಾಗೋಕೆ ಬ್ಯಾಂಕಿನ ಲೆಕ್ಕ ಓದಬೇಕಿಲ್ಲ. ನಿಮ್ಮ ತಾಲ್ಲೂಕು ಪೇಟೆಯ ಗೊಬ್ಬರ, ಎಣ್ಣೆ ಅಂಗಡಿಗೆ ಹೋಗಿ. (ನಮ್ಮ ಹಾವೇರಿ ಕಡೆ ಬೆಳೆಗೆ ಹೊಡೆಯೋ ಔಷಧಿಗೆ ಎಣ್ಣೆ ಅಂತೀವಿ.) ಗಲ್ಲಾದ ಹಿಂದಿನ ಗೋಡೆ ನೋಡಿ. ಎಷ್ಟೋ ಅಂಗಡಿಗಳಲ್ಲಿ ಲಕ್ಷ್ಮಿ ಫೋಟೊ ಪಕ್ಕದಲ್ಲೇ ಇನ್ನೊಂದು ಫೋಟೊ ಇರುತ್ತೆ. ಸಾಹುಕಾರರು ಕಂಪನಿ ಟೋಪಿ ಹಾಕಿಕೊಂಡು ಬ್ಯಾಂಕಾಕಿನಲ್ಲೋ ದುಬೈಯಲ್ಲೋ ನಿಂತಿರೋದು. ಅದು ಸೀಸನ್ ಟಾರ್ಗೆಟ್ ಮುಟ್ಟಿದ್ದಕ್ಕೆ ಕಂಪನಿ ಕೊಟ್ಟ ಟೂರು. ಇಷ್ಟು ಬಾಟಲಿ ಮಾರಿದರೆ ಇಷ್ಟು ಪಾಯಿಂಟು. ಇಷ್ಟು ಪಾಯಿಂಟಿಗೆ ಬೆಳ್ಳಿ ನಾಣ್ಯ, ಅದಕ್ಕೂ ಮೇಲೆ ಹೋದರೆ ವಿಮಾನ.

ಆ ವಿಮಾನದ ದುಡ್ಡು ಕಂಪನಿ ಮಾಲೀಕನ ಜೇಬಿಂದ ಬಂತಾ? ಎಣ್ಣೆಯ ರೇಟಿನೊಳಗೆ ಅದು ಮೊದಲೇ ಕೂತಿರುತ್ತೆ. ಹಳದಿ ಬಿದ್ದ ಮೆಣಸಿನಗಿಡದ ಎಲೆ ಹಿಡಕೊಂಡು ಹೋದ ರೈತನಿಗೆ ಒಂದು ಬಾಟಲಿ ಸಾಕಿತ್ತು, ಮೂರು ಬಾಟಲಿ ಕೊಟ್ಟು ಕಳಿಸಿದರಲ್ಲ, ಆ ಉಳಿದ ಎರಡು ಬಾಟಲಿಯಲ್ಲಿ ಟೂರ್ ಇರುತ್ತೆ. ಹಾಗಂತ ಸಾಹುಕಾರರೆಲ್ಲ ಕೆಟ್ಟವರು ಅಂತಲ್ಲ. ಬೆಳೆ ಬರೋವರೆಗೆ ಉದ್ರಿ ಕೊಟ್ಟು ಊರು ನಡೆಸೋರು ಅವರೇ. ಆದರೆ ಸ್ಕೀಮ್ ಅಂತ ಒಂದು ಬಂದು ಕೂತ ಮೇಲೆ ಗಿಡಕ್ಕೆ ಏನು ಬೇಕು ಅನ್ನೋದರ ಜೊತೆಗೆ ಟಾರ್ಗೆಟ್‌ಗೆ ಏನು ಬೇಕು ಅನ್ನೋದೂ ಗಲ್ಲಾದ ಮೇಲೆ ಬಂದು ಕೂರುತ್ತೆ.

ಬಣ್ಣದ ಡಬ್ಬಿಯೊಳಗಿನ ಟೋಕನ್ ಕೂಡ ಅದೇ. ಮನೆಗೆ ಬಣ್ಣ ಹೊಡೆಸೋರು ನೀವು, ಡಬ್ಬಿಗೆ ದುಡ್ಡು ಕೊಟ್ಟೋರು ನೀವು, ಟೋಕನ್ ಹೋಗೋದು ಪೇಂಟರ್ ಜೇಬಿಗೆ. ಹೋಗಲಿ ಬಿಡಿ, ಬಡವ, ಬಿಸಿಲಲ್ಲಿ ಏಣಿ ಹತ್ತಿ ದುಡಿಯೋನು. ಆದರೆ ಅವನು ಇದೇ ಕಂಪನಿ ಬಣ್ಣ ಚೆನ್ನಾಗಿರುತ್ತೆ ಅಂದಾಗ, ಬಣ್ಣ ಚೆನ್ನಾಗಿದೆಯೋ ಟೋಕನ್ ಚೆನ್ನಾಗಿದೆಯೋ ಅಂತ ಕೇಳೋ ಹಕ್ಕು ನಿಮಗಿದೆ.

ಕ್ರೆಡಿಟ್ ಕಾರ್ಡಿನ ಪಾಯಿಂಟು ಇದೇ ಮರದ ಇನ್ನೊಂದು ಕೊಂಬೆ. ಹೇಗೆ ಅಂತ ಹೇಳ್ತೀನಿ.

ಕಾರ್ಡಿರೋ ಒಬ್ಬರು ಹುಬ್ಬಳ್ಳಿಯ ಅಂಗಡಿಯಲ್ಲಿ 10,000 ರೂಪಾಯಿ ಮಾಲು ತಗೊಂಡು ಕಾರ್ಡ್ ಉಜ್ಜಿದರು ಅಂದುಕೊಳ್ಳಿ. ಅಂಗಡಿಯವರಿಗೆ ಪೂರ್ತಿ 10,000 ಸೇರಲ್ಲ. ಬ್ಯಾಂಕು, ಕಾರ್ಡ್ ಕಂಪನಿ ಎಲ್ಲ ಸೇರಿ ಒಂದು ಪಾಲು ಮುರಿದುಕೊಳ್ತವೆ. ಇದಕ್ಕೆ ಎಂಡಿಆರ್ ಅಂತಾರೆ. ಕ್ರೆಡಿಟ್ ಕಾರ್ಡಿಗೆ ಇದು ಸಾಮಾನ್ಯವಾಗಿ ನೂರಕ್ಕೆ ಎರಡರ ಆಜುಬಾಜು. ಎರಡೇ ಅಂತ ಹಿಡಿದರೂ ಅಂಗಡಿಯವರ ಕೈಗೆ 9,800. ಮುರಿದುಕೊಂಡ 200ರಲ್ಲಿ ಒಂದು ತುಣುಕು ಪಾಯಿಂಟಿನ ರೂಪದಲ್ಲಿ ಕಾರ್ಡು ಉಜ್ಜಿದವರಿಗೆ ವಾಪಸ್ ಹೋಗುತ್ತೆ.

ಅಂಗಡಿಯವರು ಆ 200 ರೂಪಾಯಿ ಎಲ್ಲಿಂದ ತುಂಬಿಕೊಳ್ತಾರೆ? ರೇಟಿನಿಂದಲೇ. ರೇಟು ಎಲ್ಲರಿಗೂ ಒಂದೇ. ಕಾರ್ಡ್ ಉಜ್ಜಿದವರಿಗೂ 10,000, ಸೊಂಟದ ಚೀಲದಿಂದ ನೋಟು ತೆಗೆದು ಎಣಿಸಿ ಕೊಟ್ಟ ಅಜ್ಜಿಗೂ 10,000. ಕಾರ್ಡಿನವರಿಗೆ ಪಾಯಿಂಟು, ಅಜ್ಜಿಗೆ ಏನೂ ಇಲ್ಲ. ಇಬ್ಬರೂ ಕೂಡಿ ಕೊಟ್ಟಿದ್ದು, ಒಬ್ಬರಿಗೆ ಮಾತ್ರ ವಾಪಸ್ ಬಂತು.

ನಂಬಿಕೆ ಬರದಿದ್ದರೆ ನಿಮ್ಮ ಫೋನನ್ನೇ ಕೇಳಿ. ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ಅಂಗಡಿಯವರಿಗೆ ಈ ಎಂಡಿಆರ್ ಇಲ್ಲ. 2020ರ ಜನವರಿ 1ರಿಂದ ಸರ್ಕಾರ ಅದನ್ನ ಸೊನ್ನೆ ಮಾಡಿದೆ. ಈಗ ಹೇಳಿ, ಯುಪಿಐ ಮಾಡಿದ್ದಕ್ಕೆ ನಿಮಗೆ ಯಾವತ್ತಾದರೂ ವಿಮಾನ ಹತ್ತುವಷ್ಟು ಪಾಯಿಂಟ್ ಬಂದಿದೆಯಾ? ಬರೋದು ಒಂದು ಸ್ಕ್ರ್ಯಾಚ್ ಕಾರ್ಡು. ಕೆರೆದರೆ ಮುಂದಿನ ಸಲ ಪ್ರಯತ್ನಿಸಿ, ಇಲ್ಲಾಂದ್ರೆ ನಮಗೆ ಬೇಡದ ಯಾವುದೋ ಕಂಪನಿಯ ಕೂಪನ್ನು. ಅಂಗಡಿಯವರಿಂದ ಕಿತ್ತುಕೊಳ್ಳದ ಕಡೆ ಗಿರಾಕಿಗೆ ಕೊಡೋಕೂ ಏನಿರಲ್ಲ. ಪಾಯಿಂಟು ಎಲ್ಲಿಂದ ಹುಟ್ಟುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಈ ಆಟ ಹುಟ್ಟಿದ್ದು ಅಮೆರಿಕದಲ್ಲಿ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ವಿಮಾನದಲ್ಲಿ ಮತ್ತೆ ಮತ್ತೆ ಹಾರೋರಿಗೆ ಮೈಲಿ ಲೆಕ್ಕದಲ್ಲಿ ಪಾಯಿಂಟ್ ಕೊಡೋಕೆ ಶುರು ಮಾಡಿತು. ಆಮೇಲೆ ಬ್ಯಾಂಕುಗಳು ಬಂದವು. ವಿಮಾನ ಹತ್ತದೇ ಇದ್ದರೂ ಸರಿ, ಕಾರ್ಡ್ ಉಜ್ಜಿದರೆ ಮೈಲಿ ಅಂದವು. ಇವತ್ತು ಅಲ್ಲಿನ ಕಂಪನಿಗಳಿಗೆ ಈ ಪಾಯಿಂಟ್ ವ್ಯವಹಾರ ಎಷ್ಟು ದೊಡ್ಡದು ಅಂದರೆ, 2020ರಲ್ಲಿ ಕೊರೊನಾ ಬಂದು ವಿಮಾನಗಳು ನಿಂತಾಗ ಡೆಲ್ಟಾ ಅನ್ನೋ ಕಂಪನಿ ತನ್ನ ಪಾಯಿಂಟ್ ಸ್ಕೀಮನ್ನೇ ಅಡ ಇಟ್ಟು 900 ಕೋಟಿ ಡಾಲರ್ ಎತ್ತಿತು. ವಿಮಾನ ಹಾರದ ಕಾಲದಲ್ಲೂ ಸಾಲ ಹುಟ್ಟಿಸೋ ಆಸ್ತಿ ಅದು. ದಾನ ಮಾಡುವ ಸ್ಕೀಮನ್ನ ಯಾರಾದರೂ ಅಡ ಇಡೋಕೆ ಆಗುತ್ತಾ?

ಯಾರ ದುಡ್ಡು ಯಾರಿಗೆ ಹೋಗುತ್ತೆ ಅಂತಲೂ ಅಲ್ಲಿ ಲೆಕ್ಕ ಹಾಕಿದ್ದಾರೆ. 2010ರಲ್ಲಿ ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು ಹೇಳಿದ್ದು: ನಗದಿನಲ್ಲಿ ವ್ಯವಹಾರ ಮಾಡೋ ಒಂದು ಕುಟುಂಬ ವರ್ಷಕ್ಕೆ ಸರಾಸರಿ 149 ಡಾಲರನ್ನ ಕಾರ್ಡಿನವರಿಗೆ ಬಿಟ್ಟುಕೊಡುತ್ತೆ, ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ ಸರಾಸರಿ 1,133 ಡಾಲರ್ ಸಿಗುತ್ತೆ. ಇತ್ತೀಚೆಗೆ ಬೇರೆ ನಾಲ್ವರು ಸಂಶೋಧಕರು ಕಾರ್ಡಿನವರ ಒಳಗೇ ನೋಡಿದರು. ಅಲ್ಲೂ ಅದೇ ಕಥೆ. ಕಡಿಮೆ ಓದಿದವರಿಂದ ಹೆಚ್ಚು ಓದಿದವರಿಗೆ, ಬಡ ಪ್ರದೇಶದಿಂದ ಶ್ರೀಮಂತ ಪ್ರದೇಶಕ್ಕೆ ವರ್ಷಕ್ಕೆ ಸುಮಾರು 1,500 ಕೋಟಿ ಡಾಲರ್ ಹರಿಯುತ್ತೆ ಅನ್ನೋದು ಅವರ ಅಂದಾಜು. ಅಮೆರಿಕದ ಅಂಕಿ ನಮಗೆ ಹಾಗೇ ಕೂಡಲ್ಲ, ಒಪ್ಪುತ್ತೀನಿ. ಆದರೆ ಯಂತ್ರ ಅದೇ. ಅಲ್ಲಿ ನೀರು ಯಾವ ಕಡೆ ಇಳಿಜಾರಿದೆಯೋ ಇಲ್ಲೂ ಅದೇ ಕಡೆ ಇಳಿಜಾರು.

ಸರಿ, ಹಾಗಾದರೆ ನಾವೂ ಕಾರ್ಡ್ ತಗೊಂಡು ಪಡೆಯೋ ಕಡೆ ಸೇರಿಕೊಂಡರೆ ಆಯ್ತಲ್ಲ ಅಂತ ಕೇಳ್ತೀರಿ. ನಮ್ಮೂರ ಡಿಗ್ರಿ ಮುಗಿಸಿದ ಹುಡುಗರು ಇದನ್ನೇ ಕೇಳ್ತಾರೆ. ಲೆಕ್ಕ ಮಾಡೋಣ ಬನ್ನಿ.

ಮೊದಲ ಸಲ ಕಾರ್ಡ್ ತಗೊಳ್ಳೋರಿಗೆ ಸಿಗೋ ಸಾದಾ ಕಾರ್ಡುಗಳಲ್ಲಿ 100ರಿಂದ 150 ರೂಪಾಯಿ ಖರ್ಚಿಗೆ ಒಂದು ಪಾಯಿಂಟ್, ಪಾಯಿಂಟಿನ ಬೆಲೆ 25 ಪೈಸೆಯ ಆಜುಬಾಜು. 5,000 ರೂಪಾಯಿಯ ಒಂದು ವಿಮಾನ ಟಿಕೆಟ್ ಬೇಕು ಅಂದರೆ 20,000 ಪಾಯಿಂಟ್ ಬೇಕು. ನೂರಕ್ಕೊಂದು ಪಾಯಿಂಟ್ ಅಂತ ಹಿಡಿದರೂ ಅಷ್ಟು ಕೂಡಿಸೋಕೆ 20 ಲಕ್ಷ ರೂಪಾಯಿ ಖರ್ಚು ಮಾಡಬೇಕು. ತಿಂಗಳಿಗೆ 10,000 ಉಜ್ಜಿದರೆ 16 ವರ್ಷ ದಾಟುತ್ತೆ. ಇವತ್ತು ಹುಟ್ಟಿದ ಮಗು ಎಸ್ಸೆಸ್ಸೆಲ್ಸಿ ಬರೆಯೋ ಹೊತ್ತಿಗೆ ಅಪ್ಪ ಬೆಂಗಳೂರಿಗೆ ಒಂದು ಸಲ ಹಾರಿ ಹೋಗಬಹುದು. ಬರುವಾಗ ಬಸ್ಸು. ಅದೂ ಅಲ್ಲಿಯವರೆಗೆ ಪಾಯಿಂಟು ಅವಧಿ ಮುಗಿದು ಹೋಗದಿದ್ದರೆ.

ರೀಲಿನ ಹುಡುಗನಿಗೆ ಹೆಂಗೆ ಬರುತ್ತೆ ಹಾಗಾದರೆ? ಅವನದು ಬೇರೆ ಕಾರ್ಡು. ವರ್ಷಕ್ಕೆ ಸಾವಿರಾರು ರೂಪಾಯಿ ಫೀ ಇರೋದು, ಸಂಬಳದ ಸ್ಲಿಪ್ ನೋಡಿ ಕೊಡೋದು. ಕಂಪನಿ ಕೆಲಸದ ಮೇಲೆ ಊರೂರು ತಿರುಗಿ, ಹೋಟೆಲ್ ಬಿಲ್ಲು ಕಾರ್ಡಲ್ಲಿ ಕಟ್ಟಿ, ಆ ದುಡ್ಡು ಆಫೀಸಿಂದ ವಾಪಸ್ ಪಡೆಯೋರಿಗೆ ಪಾಯಿಂಟು ರಾಶಿ ಬೀಳುತ್ತೆ. ಬೆಂಗಳೂರಿನ ಅಂಥವರಿಗೆ ಇದು ನಿಜಕ್ಕೂ ಲಾಭ. ಸುಳ್ಳು ಹೇಳಲ್ಲ. ಆದರೆ ನಮ್ಮ ಖರ್ಚು ಎಂಥದ್ದು? ಡೀಸೆಲ್, ಬೀಜ, ಗೊಬ್ಬರ, ಆಳಿನ ಕೂಲಿ, ಹಮಾಲಿ, ಮದುವೆ ಮುಯ್ಯಿ, ಆಸ್ಪತ್ರೆ. ಕೂಲಿಗೆ, ಮುಯ್ಯಿಗೆ ಕಾರ್ಡ್ ಉಜ್ಜೋಕಾಗಲ್ಲ. ಡೀಸೆಲ್ ಹಾಕಿಸಿದ್ದಕ್ಕೆ ಬಹಳಷ್ಟು ಕಾರ್ಡುಗಳು ಪಾಯಿಂಟೇ ಕೊಡಲ್ಲ.

ಶ್ರಮ ಇಲ್ಲ ಅನ್ನೋ ಮಾತಿಗೂ ಒಂದು ಉದಾಹರಣೆ ಇದೆ. ಪಾಯಿಂಟ್ ಗೀಳಿನವರೆಲ್ಲ ದೇವರ ಕಥೆಯಂತೆ ಹೇಳಿಕೊಳ್ಳೋದು ಡೇವಿಡ್ ಫಿಲಿಪ್ಸ್ ಅನ್ನೋ ಕ್ಯಾಲಿಫೋರ್ನಿಯಾದ ಎಂಜಿನಿಯರ್ ಕಥೆ. 1999ರಲ್ಲಿ ಒಂದು ಆಹಾರ ಕಂಪನಿ ತನ್ನ ಮಾಲಿನ ಬಾರ್‌ಕೋಡ್ ಕಳಿಸಿದವರಿಗೆ ವಿಮಾನದ ಮೈಲಿ ಕೊಡ್ತೀನಿ ಅಂದಿತ್ತು. ಈ ಪುಣ್ಯಾತ್ಮ 25 ಸೆಂಟಿನ 12,150 ಕಪ್ ಪುಡ್ಡಿಂಗ್ ಕೊಂಡ. ಪುಡ್ಡಿಂಗ್ ಅಂದರೆ ಗಟ್ಟಿ ಪಾಯಸದಂಥದ್ದು. ಚೀಟಿ ಕೀಳೋಕೆ ಮನೆಯವರ ಕೈ ಸಾಲದೆ, ಒಂದು ಸೇವಾ ಸಂಸ್ಥೆಗೆ ಪುಡ್ಡಿಂಗನ್ನೇ ದಾನ ಕೊಟ್ಟು ಅವರ ಕೈಯಿಂದ ಕೀಳಿಸಿದ. 12 ಲಕ್ಷಕ್ಕಿಂತ ಹೆಚ್ಚು ಮೈಲಿ ಬಂತು. ಜಾಣ, ಸಂಶಯವಿಲ್ಲ. ಆದರೆ 12,150 ಚೀಟಿ ಕೀಳೋದು ಕಡಿಮೆ ಶ್ರಮ ಅಂದರೆ ನಮ್ಮ ಹೆಣ್ಣುಮಕ್ಕಳು ದಿನವಿಡೀ ಮೆಣಸಿನಕಾಯಿ ತೊಟ್ಟು ಮುರಿಯೋದಕ್ಕೆ ಏನನ್ನಬೇಕು?

ಈಗ ಕಾರ್ಡಿನ ಇನ್ನೊಂದು ಮುಖ. ರೀಲಿನಲ್ಲಿ ತೋರಿಸದ ಮುಖ.

ಕಾರ್ಡಿನ ಬಿಲ್ಲು ತಿಂಗಳಿಗೊಮ್ಮೆ ಬರುತ್ತೆ. ಬಿಲ್ಲಾದ ಮೇಲೆ ಸುಮಾರು ಇಪ್ಪತ್ತು ದಿನದಲ್ಲಿ ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ. ಪೂರ್ತಿ ಕಟ್ಟದಿದ್ದರೆ ಕೊಂಡ ದಿನದಿಂದಲೇ ಬಡ್ಡಿ. ಎಷ್ಟು? ಬಹಳಷ್ಟು ಕಾರ್ಡುಗಳಲ್ಲಿ ತಿಂಗಳಿಗೆ 3.5%, ಇನ್ನೂ ಸ್ವಲ್ಪ ಹೆಚ್ಚೂ ಇದೆ. ತಿಂಗಳಿಗೆ ಅನ್ನೋದನ್ನ ಗಮನಿಸಿ. ವರ್ಷಕ್ಕೆ 42%. ಬಡ್ಡಿಯ ಮೇಲೆ 18% ಜಿಎಸ್‌ಟಿ ಬೇರೆ.

20,000 ರೂಪಾಯಿ ಬಿಲ್ಲು ಬಂತು, ಕೈಯಲ್ಲಿ ದುಡ್ಡಿಲ್ಲ ಅಂತಿಟ್ಟುಕೊಳ್ಳಿ. ಬಿಲ್ಲಿನ ಮೇಲೆ ಮಿನಿಮಮ್ ಡ್ಯೂ ಅಂತ ಒಂದು ಸಣ್ಣ ಅಂಕಿ ಇರುತ್ತೆ, ಸಾಮಾನ್ಯವಾಗಿ 5%. ಅಂದರೆ 1,000. ಅಷ್ಟು ಕಟ್ಟಿದರೆ ಸಾಕು ಅಂತ ಹುಡುಗ ಖುಷಿಯಾಗಿ ಕಟ್ಟುತ್ತಾನೆ. ಆ ಕಡೆ ತಿಂಗಳ ಬಡ್ಡಿ 700, ಜಿಎಸ್‌ಟಿ 126, ಒಟ್ಟು 826 ಬಿದ್ದಿರುತ್ತೆ. ಕಟ್ಟಿದ ಸಾವಿರದಲ್ಲಿ ಸಾಲಕ್ಕೆ ಹೋಗಿದ್ದು 174 ರೂಪಾಯಿ. ಆ 826 ರೂಪಾಯಿಯನ್ನ ಪಾಯಿಂಟಿನಲ್ಲಿ ವಾಪಸ್ ಗಳಿಸೋಕೆ, ಮೇಲಿನ ಅದೇ ಲೆಕ್ಕದಲ್ಲಿ, 3,30,400 ರೂಪಾಯಿ ಖರ್ಚು ಮಾಡಬೇಕು. ಒಂದೇ ಒಂದು ತಿಂಗಳ ಬಡ್ಡಿಗೆ!

ನಮ್ಮಲ್ಲಿ ಇದು ಆಗೇ ಆಗುತ್ತೆ. ಯಾಕಂದರೆ ಬ್ಯಾಂಕಿನ ಕ್ಯಾಲೆಂಡರ್ ಬೇರೆ, ನಮ್ಮ ಕ್ಯಾಲೆಂಡರ್ ಬೇರೆ. ಅವರಿಗೆ 30 ದಿನಕ್ಕೊಂದು ಬಿಲ್ಲು. ನಮಗೆ ಗೋವಿನಜೋಳ ಬಿತ್ತೋದು ಜೂನಿನಲ್ಲಿ, ರೊಕ್ಕ ಕಾಣೋದು ದೀಪಾವಳಿ ಹೊತ್ತಿಗೆ. ಮೆಣಸಿನಕಾಯಿ ಒಣಗಿಸಿ ಬ್ಯಾಡಗಿ ಮಾರುಕಟ್ಟೆಗೆ ಒಯ್ಯೋದು ಜನವರಿ ಆದಮೇಲೆ. ನಡುವೆ ಬರೋ ಬಿಲ್ಲಿಗೆ ಎಲ್ಲಿಂದ ತರೋದು? ನನ್ನಂಥ ಸ್ಟ್ರಿಂಗರ್ ಕಥೆಯೂ ಅದೇ. ಸುದ್ದಿ ದಿನಾ ಹೋಗುತ್ತೆ, ಗೌರವಧನ ಯಾವಾಗ ಬರುತ್ತೆ ಅಂತ ಪೇಪರಿನವರಿಗೇ ಗೊತ್ತಿರಲ್ಲ. ಬರೋ ದುಡ್ಡಿಗೆ ತಾರೀಖಿಲ್ಲದವರು ಕಟ್ಟೋ ದುಡ್ಡಿಗೆ ತಾರೀಖಿರೋ ಸಾಲ ಮಾಡಬಾರದು. ಒಮ್ಮೆ ತಪ್ಪಿದರೆ ಸಿಬಿಲ್ ಸ್ಕೋರ್ ಕೆಡುತ್ತೆ. ಆಮೇಲೆ ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಮ್ಯಾನೇಜರ್ ಸಾಹೇಬರು ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸ್ತಾರೆ.

ಕೋರ್ಟು ಕಾಪಾಡುತ್ತೆ ಅಂತಲೂ ನೆಚ್ಚಿಕೊಳ್ಳಬೇಡಿ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, ಕಾರ್ಡಿನ ಮೇಲೆ ವರ್ಷಕ್ಕೆ 30%ಗಿಂತ ಹೆಚ್ಚು ಬಡ್ಡಿ ಹಾಕೋದು ಅನ್ಯಾಯದ ವ್ಯಾಪಾರ ಅಂತ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನ ರದ್ದು ಮಾಡಿತು. ಈಗ ಆ ಮಿತಿಯೂ ಇಲ್ಲ.

ಕಿರುಸಾಲದವರ ಕಿರುಕುಳಕ್ಕೆ ಎಷ್ಟು ಊರುಗಳಲ್ಲಿ ಗಲಾಟೆ ಆಯಿತು, ನೆನಪಿದೆಯಲ್ಲ? 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಸಂಘದ ಸಾಲದ ಬಡ್ಡಿ ಸಾಮಾನ್ಯವಾಗಿ 25%ರ ಆಸುಪಾಸು. ಅದನ್ನ ಬಡ್ಡಿ ಸುಲಿಗೆ ಅಂತೀವಿ, ಸರಿಯಾಗೇ ಅಂತೀವಿ. 42% ಹಾಕೋ ಕಾರ್ಡಿಗೆ ಮಾತ್ರ ಬಹುಮಾನ ಅಂತ ಹೆಸರು. ಸಂಘದ ಸಾಲ ಕೇಳೋಕೆ ಬರೋನು ಬೈಕಿನಲ್ಲಿ ಬಂದು ಕಟ್ಟೆ ಮೇಲೆ ಕೂರ್ತಾನೆ, ಕಾರ್ಡು ಹೊಳೆಯೋ ಲಕೋಟೆಯಲ್ಲಿ ಬರುತ್ತೆ, ಅಷ್ಟೇ ವ್ಯತ್ಯಾಸ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡ್ತೀನಿ. ಕಿಸಾನ್ ಕ್ರೆಡಿಟ್ ಕಾರ್ಡೇ ಬೇರೆ, ಇದೇ ಬೇರೆ. ಕಿಸಾನ್ ಕಾರ್ಡಿನಲ್ಲಿ 3 ಲಕ್ಷದವರೆಗಿನ ಬೆಳೆ ಸಾಲಕ್ಕೆ 7% ಬಡ್ಡಿ, ಹೇಳಿದ ಟೈಮಿಗೆ ಕಟ್ಟಿದರೆ 3% ವಾಪಸ್, ಕೊನೆಗೆ ಬೀಳೋದು 4%. ನಮ್ಮ ರಾಜ್ಯದಲ್ಲಿ ಸಹಕಾರ ಸಂಘದಿಂದ ಶೂನ್ಯ ಬಡ್ಡಿಯ ಬೆಳೆ ಸಾಲದ ಮಿತಿಯನ್ನ 2023ರ ಬಜೆಟ್ಟಿನಲ್ಲಿ 5 ಲಕ್ಷಕ್ಕೆ ಏರಿಸಿದರು. ಎಲ್ಲರಿಗೂ ಅಷ್ಟು ಸಿಗುತ್ತಾ ಅನ್ನೋದು ಬೇರೆ ಜಗಳ, ಅದನ್ನ ಇನ್ನೊಮ್ಮೆ ಬರೀತೀನಿ. ಇಂಥ ಸಾಲಕ್ಕೆ ಪಾಯಿಂಟಿಲ್ಲ, ಲೌಂಜಿಲ್ಲ, ರೀಲೂ ಇಲ್ಲ. ಯಾಕಂದರೆ ಅದನ್ನ ಮಾರಿದರೆ ಯಾರಿಗೂ ಕಮಿಷನ್ ಬರಲ್ಲ.

ರೈಲಿಗೆ ಬರೋಣ. ಐಆರ್‌ಸಿಟಿಸಿ ಹೆಸರಿನಲ್ಲಿ ಸ್ಟೇಟ್ ಬ್ಯಾಂಕಿನ ಕಾರ್ಡ್ ಕಂಪನಿ ಒಂದು ಕಾರ್ಡ್ ಕೊಡುತ್ತೆ. ಅದರ ದೊಡ್ಡ ಆಕರ್ಷಣೆ ಅಂದರೆ ಟಿಕೆಟ್ ದರದ 10%ವರೆಗೆ ಪಾಯಿಂಟಾಗಿ ವಾಪಸ್. ಒಂದು ಪಾಯಿಂಟಿಗೆ ಒಂದು ರೂಪಾಯಿ. ಒಳ್ಳೇದಲ್ವಾ? ಆದರೆ ಆ 10% ಇರೋದು ಎಸಿ ಬೋಗಿಗಳಿಗೆ, ಎಸಿ ಚೇರ್ ಕಾರಿಗೆ. ಸ್ಲೀಪರಿಗಿಲ್ಲ. ಜನರಲ್ ಬೋಗಿಯ ಮಾತು ಕೇಳಲೇಬೇಡಿ. ನಮ್ಮೂರಿಂದ ಕೆಲಸ ಹುಡುಕಿಕೊಂಡು ಹೋಗೋ ಹುಡುಗರು ಯಾವ ಬೋಗಿಯಲ್ಲಿ ಹೋಗ್ತಾರೆ ಅಂತ ನಿಮಗೆ ಗೊತ್ತು.

ಇದರ ಪಕ್ಕದಲ್ಲಿ ಇನ್ನೊಂದು ವಿಷಯ ಇಡ್ತೀನಿ. 2020ರ ಮಾರ್ಚಿಗೆ ಮುಂಚೆ ರೈಲಿನಲ್ಲಿ 60 ದಾಟಿದ ಗಂಡಸರಿಗೆ 40%, 58 ದಾಟಿದ ಹೆಂಗಸರಿಗೆ 50% ರಿಯಾಯಿತಿ ಇತ್ತು. ಕಾರ್ಡು ಬೇಡ, ಆ್ಯಪ್ ಬೇಡ, ಖರ್ಚಿನ ಟಾರ್ಗೆಟ್ ಬೇಡ. ವಯಸ್ಸಾಗಿದ್ದರೆ ಸಾಕು. ಸ್ಲೀಪರಿಗೂ ಇತ್ತು. ಕೊರೊನಾ ಕಾರಣ ಹೇಳಿ ತೆಗೆದರು, ಕೊರೊನಾ ಹೋಗಿ ವರ್ಷಗಳಾದರೂ ಅದನ್ನ ವಾಪಸ್ ಕೊಟ್ಟಿಲ್ಲ. ಕಾರ್ಡಿನ 10% ಕೊಡೋದು ಬ್ಯಾಂಕು, ಹಿರಿಯರ ರಿಯಾಯಿತಿ ಕೊಡಬೇಕಾದ್ದು ರೈಲ್ವೆ, ಎರಡೂ ಒಂದೇ ಗಲ್ಲಾ ಅಲ್ಲ ಅಂತ ತಿಳಿದವರು ವಾದಿಸಬಹುದು. ವಾದ ಸರಿ. ಆದರೆ ಪ್ಲಾಟ್‌ಫಾರ್ಮಿನ ಮೇಲೆ ನಿಂತ ಅಜ್ಜನಿಗೆ ಕಾಣೋದು ಒಂದೇ: ಎಸಿಯಲ್ಲಿ ಹೋಗೋ ಕಾರ್ಡಿನವರಿಗೆ ವಾಪಸ್ ಬರುತ್ತೆ, ಸ್ಲೀಪರಿನಲ್ಲಿ ಹೋಗೋ ತನಗೆ ಇದ್ದದ್ದೂ ಹೋಯಿತು.

ನನಗೆ ಸಿಟ್ಟು ಬರೋ ಜಾಗ ಇದಾದ ಮೇಲೆ ಬರುತ್ತೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಹೆಣ್ಣುಮಕ್ಕಳಿಗೆ ರಾಜ್ಯದ ಸಾದಾ ಸರ್ಕಾರಿ ಬಸ್ಸು ಫ್ರೀ. ಅವತ್ತಿಂದ ಇವತ್ತಿನವರೆಗೂ ಬಿಟ್ಟಿ, ಬಿಟ್ಟಿ ಅನ್ನೋ ಹೀಯಾಳಿಕೆ ನಿಂತಿಲ್ಲ. ದೇವಸ್ಥಾನಕ್ಕೆ ಬಿಟ್ಟಿ ತಿರುಗ್ತಾರೆ, ತವರಿಗೆ ಬಿಟ್ಟಿ ಹೋಗ್ತಾರೆ, ನಮ್ಮ ಟ್ಯಾಕ್ಸ್ ದುಡ್ಡು ಅಂತ. ಫೋನಿನಲ್ಲಿ ಇದನ್ನ ಟೈಪ್ ಮಾಡೋರಲ್ಲಿ ಎಷ್ಟು ಜನ ಏರ್‌ಪೋರ್ಟ್ ಲೌಂಜಿನಲ್ಲಿ ಕಾರ್ಡ್ ತೋರಿಸಿ ಬಿಟ್ಟಿ ದೋಸೆ ತಿನ್ನುತ್ತಾ ಟೈಪ್ ಮಾಡ್ತಾರೋ!

ಎರಡೂ ಫ್ರೀ ಪ್ರಯಾಣವನ್ನ ಪಕ್ಕಪಕ್ಕ ಇಟ್ಟು ನೋಡಿ. ಬಸ್ಸಿನಲ್ಲಿ ಹೆಣ್ಣುಮಗಳಿಗೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡ್ತಾರೆ. ಪ್ರತಿ ಪ್ರಯಾಣಕ್ಕೂ ಒಂದು ಟಿಕೆಟ್, ಪ್ರತಿ ಟಿಕೆಟ್ಟಿಗೂ ಲೆಕ್ಕ. 2025ರ ಜುಲೈಗೆ ಅಂಥ ಟಿಕೆಟ್ 500 ಕೋಟಿ ದಾಟಿತು ಅಂತ ಸರ್ಕಾರವೇ ಸಮಾರಂಭ ಮಾಡಿತು. ದುಡ್ಡು ಎಲ್ಲಿಂದ ಅನ್ನೋದು ಬಜೆಟ್ ಪುಸ್ತಕದಲ್ಲಿದೆ. ವಿಧಾನಸಭೆಯಲ್ಲಿ ಅದರ ಮೇಲೆ ಜಗಳ ಆಗುತ್ತೆ. ನಿಗಮಗಳಿಗೆ ಸರ್ಕಾರ ಬಾಕಿ ಉಳಿಸಿಕೊಂಡಿದೆ ಅಂತ ಟೀಕೆ ಬರುತ್ತೆ, ಬರಲೇಬೇಕು. ಬಸ್ಸು ಸಾಲಲ್ಲ, ಶಾಲೆ ಮಕ್ಕಳು ಬಾಗಿಲಲ್ಲಿ ಜೋತಾಡ್ತಾರೆ, ಅದನ್ನ ನಾನೇ ಎಷ್ಟು ಸಲ ಸುದ್ದಿ ಮಾಡಿದ್ದೀನಿ. ಯೋಜನೆ ಬೇಡ ಅಂದವರಿಗೆ ಮುಂದಿನ ಸಲ ಓಟು ಬೇರೆಯವರಿಗೆ ಹಾಕೋ ದಾರಿ ಇದೆ.

ಪಾಯಿಂಟಿನ ವಿಮಾನಕ್ಕೆ ಇದರಲ್ಲಿ ಯಾವುದಿದೆ? ಸೊಂಟದ ಚೀಲದ ಅಜ್ಜಿಯನ್ನ ಯಾರಾದರೂ ಕೇಳಿದರಾ? ಅಂಗಡಿ ಬಿಲ್ಲಿನಲ್ಲಿ ಪಕ್ಕದವರ ಗೋವಾ ಟ್ರಿಪ್ಪಿಗೆ ಇಷ್ಟು ಅಂತ ಬರೆದಿರುತ್ತಾ? ಮಿನಿಮಮ್ ಡ್ಯೂ ಕಟ್ಟಿ ಕಟ್ಟಿ ಸೋತ ಹುಡುಗನ ಬಡ್ಡಿ ಯಾರ ಲೌಂಜಿಗೆ ಹೋಯಿತು ಅಂತ ಯಾವ ಸಭೆಯಲ್ಲಿ ಚರ್ಚೆ ಆಗುತ್ತೆ? ಕೂಲಿಗೆ ಹೋಗೋ ಹೆಣ್ಣುಮಗಳ ಮೂವತ್ತು ರೂಪಾಯಿ ಬಸ್ ಚಾರ್ಜು ಬಿಟ್ಟಿ, ಸಂಬಳದಾರನ ಐದು ಸಾವಿರದ ವಿಮಾನ ಜಾಣತನ. ಈ ಭಾಷೆಯನ್ನ ನಾನು ಒಪ್ಪಲ್ಲ.

ಪಾಯಿಂಟು ನಿಮ್ಮ ಆಸ್ತಿ ಅಂತಲೂ ತಿಳಿಯಬೇಡಿ. ಅದು ಕಂಪನಿಯ ಮಾತು, ಬೇಕೆಂದಾಗ ತಿರುಗಿಸಬಹುದು. ಇವತ್ತು 20,000 ಪಾಯಿಂಟಿಗೆ ಸಿಗೋ ಟಿಕೆಟ್ಟಿಗೆ ನಾಳೆ 30,000 ಕೇಳಿದರೆ ಯಾವ ಕಚೇರಿಗೆ ಹೋಗ್ತೀರಿ? ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಕಂಪನಿಗೂ ಕಿಂಗ್ ಕ್ಲಬ್ ಅಂತ ಪಾಯಿಂಟ್ ಸ್ಕೀಮ್ ಇತ್ತು. 2012ರ ಅಕ್ಟೋಬರಿನಲ್ಲಿ ವಿಮಾನಗಳೇ ನಿಂತವು. ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ ನಿಂತಿತು. ವಿಸ್ತಾರ 2024ರ ನವೆಂಬರಿನಲ್ಲಿ ಏರ್ ಇಂಡಿಯಾದಲ್ಲಿ ಕರಗಿತು, ಅದರ ಪಾಯಿಂಟು ಏರ್ ಇಂಡಿಯಾದ ಸ್ಕೀಮಿಗೆ ಸೇರಿತು. ರೊಕ್ಕ ಕೈಯಲ್ಲಿದ್ದರೆ ಇದ್ಯಾವ ತಲೆಬಿಸಿಯೂ ಇಲ್ಲ.

ಇನ್ನೊಂದು ಅಪಾಯ ಇದೆ, ಅದಕ್ಕೆ ಕಾರ್ಡ್ ಕೂಡ ಬೇಕಿಲ್ಲ, ಫೋನಿದ್ದರೆ ಸಾಕು. ನಿಮ್ಮ ರಿವಾರ್ಡ್ ಪಾಯಿಂಟ್ ಇವತ್ತು ರಾತ್ರಿಗೆ ಮುಗಿಯುತ್ತೆ, ತಕ್ಷಣ ಪಡೆದುಕೊಳ್ಳಿ ಅಂತ ವಾಟ್ಸ್ಆ್ಯಪಿನಲ್ಲಿ ಮೆಸೇಜ್ ಬರುತ್ತೆ. ಜೊತೆಗೊಂದು ಎಪಿಕೆ ಫೈಲ್. ಸ್ಟೇಟ್ ಬ್ಯಾಂಕಿನ ಹೆಸರು, ಲೋಗೊ ಎಲ್ಲ ಹಾಕಿ ಕಳಿಸ್ತಾರೆ. ಅದು ಸುಳ್ಳು ಅಂತ ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಎಚ್ಚರಿಕೆ ಕೊಟ್ಟಿದೆ. ಆ ಫೈಲ್ ಇನ್‌ಸ್ಟಾಲ್ ಮಾಡಿದರೆ ಫೋನಿಗೆ ಬರೋ ಒಟಿಪಿ ಎಲ್ಲ ಕಳ್ಳರಿಗೆ ಕಾಣಿಸಬಹುದು. ಊರ ಗುಂಪಿನಲ್ಲಿ ಪರಿಚಯದವರ ನಂಬರಿಂದಲೇ ಬಂದಿದ್ದರೂ ಮುಟ್ಟಬೇಡಿ, ಅವರ ಫೋನು ಮೊದಲೇ ಹೋಗಿರಬಹುದು. ದುಡ್ಡು ಹೋದರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ದುಡ್ಡು ದೂರ ಹೋಗುತ್ತೆ.

ರಿಯಾಯಿತಿಯಲ್ಲಿ ಓಡಾಡಬೇಕು ಅಂದರೆ ನಿಜವಾಗಲೂ ಶ್ರಮ ಇಲ್ಲದ ದಾರಿ ನಮ್ಮ ಬಸ್ ಸ್ಟ್ಯಾಂಡಿನಲ್ಲೇ ಇದೆ, ಯಾರೂ ರೀಲ್ ಮಾಡಿಲ್ಲ ಅಷ್ಟೇ. ಕೆಎಸ್‌ಆರ್‌ಟಿಸಿಯ ಮುಂಗಡ ಬುಕಿಂಗಿನಲ್ಲಿ ನಾಲ್ಕು ಅಥವಾ ಹೆಚ್ಚು ಜನಕ್ಕೆ ಒಂದೇ ಟಿಕೆಟ್ ಮಾಡಿಸಿದರೆ 5% ಕಡಿಮೆ. ಹೋಗೋದು ಬರೋದು ಒಟ್ಟಿಗೇ ಮಾಡಿಸಿದರೆ ಬರೋ ಟಿಕೆಟ್ಟಿನಲ್ಲಿ 10% ಕಡಿಮೆ. ಧರ್ಮಸ್ಥಳಕ್ಕೋ ಬೆಂಗಳೂರಿನ ಆಸ್ಪತ್ರೆಗೋ ಮನೆಮಂದಿಯೆಲ್ಲ ಹೊರಟಾಗ ಕೌಂಟರಿನಲ್ಲಿ ಬಾಯಿ ಬಿಟ್ಟು ಕೇಳಿ. 60 ದಾಟಿದ ಹಿರಿಯರ ರಿಯಾಯಿತಿಯನ್ನೂ ಕೇಳಿ, ಅದು ಬಸ್ಸಿನಲ್ಲಿ ಇನ್ನೂ ಇದೆ. ಮೇಲಿನ ಲೆಕ್ಕದ ಸಾದಾ ಕಾರ್ಡು ಕೊಡೋದು ನೂರಕ್ಕೆ ಕಾಲು ರೂಪಾಯಿ. ಬಸ್ಸಿನವರು ಐದು, ಹತ್ತು ಕೊಡ್ತಾರೆ, ಸಿಬಿಲ್ ಕೇಳಲ್ಲ.

ಕಾರ್ಡ್ ಈಗಾಗಲೇ ಮನೆಗೆ ಬಂದಿದೆ, ಏನು ಮಾಡೋದು ಅಂತ ಕೇಳಿದವರಿಗೆ ಎರಡು ಮಾತು. ನೀವು ಕೇಳದೆಯೇ ಕಾರ್ಡ್ ಕಳಿಸೋದನ್ನ ರಿಸರ್ವ್ ಬ್ಯಾಂಕ್ ನಿಷೇಧಿಸಿದೆ. 2022ರ ಜುಲೈಯಿಂದ ಜಾರಿಯಾದ ನಿಯಮದಂತೆ, ಹಾಗೆ ಕಳಿಸಿ ಬಿಲ್ಲು ಹಾಕಿದ್ದರೆ ಅದನ್ನ ಅವರು ವಾಪಸ್ ಪಡೆಯಬೇಕು, ಜೊತೆಗೆ ಬಿಲ್ಲಿನ ಎರಡು ಪಟ್ಟು ದಂಡ ನಿಮಗೆ ಕೊಡಬೇಕು. ಪೊಟ್ಟಣ ಬಂತು ಅಂತ ಒಟಿಪಿ ಹೇಳಿ ಚಾಲೂ ಮಾಡಬೇಡಿ.

ಬಳಸುತ್ತಿದ್ದೀರಿ, ಈಗ ಬೇಡ ಅನಿಸಿದರೆ ಬಾಕಿ ಪೂರ್ತಿ ಕಟ್ಟಿ, ಮುಚ್ಚಿ ಅಂತ ಬರವಣಿಗೆಯಲ್ಲಿ ಕೊಡಿ. ಇ-ಮೇಲ್ ಆದರೂ ಸರಿ. ಏಳು ಕೆಲಸದ ದಿನದಲ್ಲಿ ಮುಚ್ಚಬೇಕು. ಮುಚ್ಚದಿದ್ದರೆ ಮುಚ್ಚೋವರೆಗೆ ದಿನಕ್ಕೆ 500 ರೂಪಾಯಿ ದಂಡ ನಿಮಗೆ ಕೊಡಬೇಕು. ನಮ್ಮ ಹುಡುಗರು ಫೋನ್ ಮಾಡಿದಾಗ ಆ ಕಡೆಯವರು ಮೊದಲು ಹೇಳೋದು ಫೀ ಮಾಫಿ ಮಾಡ್ತೀವಿ, ಪಾಯಿಂಟ್ ಡಬಲ್ ಕೊಡ್ತೀವಿ ಅಂತ. ಬೇಡ ಅನ್ನಿ. ಇರೋ ಪಾಯಿಂಟನ್ನ ಮುಚ್ಚೋಕೆ ಮುಂಚೆ ಬಿಲ್ಲಿಗೇ ವಜಾ ಮಾಡಿಸಿಕೊಳ್ಳೋಕೆ ಆದರೆ ಮಾಡಿಸಿಕೊಳ್ಳಿ. ದೂರು ಕೊಟ್ಟು 30 ದಿನವಾದರೂ ಬ್ಯಾಂಕ್ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ದೂರಿಗೆ ಫೀ ಇಲ್ಲ. ಹೇಗೆ ಅಂತ ಕೇಳೋಕೆ ನಂಬರ್ 14448.